ಹುಣಸಿಬೀಜದ ಲೆಕ್ಕ

ಹನ್ನೊಂದು ವರ್ಷ ನನ್ನ ಕೆಲಸ ಒಂದ:
ಬಾಲ್ ಹಿಡಿಯೂದು, ಎರಡು ಹೆಜ್ಜಿ ಓಡೂದು, ಒದಿಯೂದು.
ಉದ್ಯಮಬಾಗ ಫೌಂಡ್ರಿಯ ಹೊಗಿ ಏರೂವಷ್ಟು ಎತ್ತರ ಏರಿ
ಆ ಕಡೆ ಶೆಟ್ಟೆಪ್ಪನ ತಲಿ ಹುಡುಕಿಕೊಂಡು ಇಳೀತಿತ್ತು ಅದು.
ಮಂದಿ ಗೋಲ್ ನೋಡಾಕ ಬರ್ತಿದ್ದಿಲ್ಲ,
ನನ್ನ ಒದಿಕಿ ನೋಡಾಕ ಬರ್ತಿದ್ರು.

ನಮ್ಮ ದಾಳಿ ಅಂದ್ರ ಅಷ್ಟ:
ನಾ ಒದೀಬೇಕು, ಶೆಟ್ಟೆಪ್ಪ ಜಿಗೀಬೇಕು,
ಉಳಿದ ಒಂಬತ್ತು ಮಂದಿ ಮುಗಿಲು ನೋಡ್ಕೊಂತ ನಿಂದರಬೇಕು.
ಮೂರು ವರ್ಷದಾಗ ನಾಕ ಸಲ ಫೈನಲ್. ಕಪ್ಪು ಒಂದೂ ಇಲ್ಲ.
ಹೆಡ್ ಕೋಚ್ ಸಾವಂತ ಮಾಮಾ ಒಂದಿನ
ಕ್ಯಾಂಪಿನ ಫೆಲಿಕ್ಸ್ ರೆಬೆಲೊನ್ನ ಸ್ಕೂಟರ್ ಮ್ಯಾಲೆ ಕರ್ಕೊಂಡು ಬಂದ.
"ದಾಳಿ ಇನ್ನ ಮುಂದ ಇಂವಂದು. ಉಳಿದದ್ದು ನಂದು."
ಉಳಿದದ್ದು ಏನು ಅಂತ ಯಾರೂ ಕೇಳಲಿಲ್ಲ.

ರೆಬೆಲೊ ವಾರಗಟ್ಟಲೆ ಬಾಯಿ ಬಿಡಲಿಲ್ಲ.
ನಾವು ಬಾಲ್ ಕಳ್ಕೊಂಡಾಗೆಲ್ಲ
ಬಲಗಿಸೆದಾಗಿನ ಒಂದು ಹುಣಸಿಬೀಜ
ಎಡಗಿಸೆಕ್ಕ ಹಾಕ್ತಿದ್ದ.
ಶನಿವಾರ ಸಂಜಿಕ ಎಡಗಿಸೆ ಜೋತಾಡ್ತಿತ್ತು.
ಬಂದು ನನ್ನ ಗ್ಲೋವ್ಸಿನಾಗ ಸುರುವಿದ.
"ಎಣಿಸು."
ಎಪ್ಪತ್ಮೂರು.
"ನಲವತ್ತೊಂದು ನಿನ್ನೂವು.
ಒದ್ದ ಬಾಲ್ ಯಾರದೂ ಅಲ್ಲೋ,
ಮ್ಯಾಲೆ ಇರೂತನ ಅದು ಗಾಳೀದು."

ಮರುದಿನದಿಂದ ಹೊಸ ಕಾನೂನು:
ಉಳ್ಳಿಸಿ ಮುಬಾರಕಗ ಕೊಡು.
ಮುಬಾರಕ ಎಲ್ಲಿ? ಬಾಗಲದಾಗ ನಿಂತು
ಬಟ್ಟಲ ಸಕ್ಕರಿ ಕಡ ಕೊಡೂವಷ್ಟು ಹತ್ರ.
ಅಂವ ಸಿದರಾಯಗ, ಸಿದರಾಯ ತಿರಿಗಿ ಅವನಿಗೆ,
ಅಂವ ಮತ್ತ ನನಗ!
ಹಿಂದಕ ಬರೂ ಬಾಲ್ ನೋಡಿ ಮಂದಿ ಸೀಟಿ ಹೊಡದ್ರು.
ಮನ್ಯಾಗ ಹೆಂಡತಿ ಸೈತ ಕೇಳಿದ್ಲು,
"ಕಾಲಿಗೇನಾಗೇತ್ರಿ?"

ಕಾಸಿದ ಕಬ್ಬಿಣ ಗಡಬಡಿಸಿ ಸುರುವಿದ್ರ
ಎರಕದಾಗ ಗಾಳಿಗುಳ್ಳಿ ಬೀಳ್ತಾವ.
ಇದನ್ನ ನನಗ ಯಾರೂ ಕಲಸಬೇಕಾಗಿಲ್ಲ,
ಹದಿನಾರು ವರ್ಷ ಫೌಂಡ್ರಿಯೊಳಗ ಸೌಟು ಹಿಡದೀನಿ.
ಆದ್ರ ಆ ಬುದ್ಧಿ ಕೈಯಾಗ ಇತ್ತು,
ಕಾಲಿಗೆ ಇಳದಿದ್ದಿಲ್ಲ.

ಮೊದಲ ಮ್ಯಾಚು ವಡಗಾಂವಿ ಮಗ್ಗದ ಹುಡುಗೂರ ಕೂಡ.
ನಾಕು ಗೋಲ್ ತಿಂದ್ವಿ.
ಎರಡು ನಾನ ಕೈಯಾರೆ ಅವರ ಕಾಲಿಗೆ ಕೊಟ್ಟಿದ್ದು.
ಶೆಟ್ಟೆಪ್ಪ ಬೂಟು ಬಿಚ್ಚಿ ಒಗದ:
"ಇಷ್ಟುದ್ದ ಬೆಳದೀನಿ, ಈ ತಲಿ ಏನ ಮಾಡ್ಲಿ?"
ರೆಬೆಲೊ ಬೂಟು ಆರಿಸಿ ತಂದು ಕೊಟ್ಟ:
"ತಲಿ ಇರ್ಲಿ. ಕಾಲು ತಗೊಂಡು ಕೆಳಗ ಬಾ."

ಐದನೇ ಮ್ಯಾಚಿನಾಗ ಕೆಳಗ ಬಂದ.
ಜಿಟಿಜಿಟಿ ಮಳಿ, ಕೆಂಪು ರಾಡಿ, ಬಾಲ್ ಭಾರ.
ನಾ ಮುಬಾರಕಗ, ಮುಬಾರಕ ಸಿದರಾಯಗ,
ಅಲ್ಲಿಂದ ಎಡಕ, ಬಲಕ, ಮತ್ತ ಎಡಕ.
ಮುಗಿಲು ನೋಡ್ತಿದ್ದ ಒಂಬತ್ತು ಮಂದಿ
ಒಬ್ಬರ ಮಾರಿ ಒಬ್ಬರು ನೋಡಾಕತ್ತಿದ್ರು.
ಶೆಟ್ಟೆಪ್ಪ ಗೋಲಿಗೆ ಬೆನ್ನು ಕೊಟ್ಟು ಓಡಿ ಬಂದ,
ಅವನ ಹಿಂದ ಇಬ್ಬರು ಕಾವಲಗಾರರೂ ಬಂದ್ರು.
ಬಾಲ್ ಮುಟ್ಟಲೇ ಇಲ್ಲ ಅಂವ,
ಎರಡೂ ಕಾಲು ಅಗಲಿಸಿ ದಾರಿ ಬಿಟ್ಟ.
ಅಂವ ಹನ್ನೊಂದು ವರ್ಷ ನಿಂತ ಜಾಗ ಖಾಲಿ ಇತ್ತಲ್ಲ,
ಆ ಖಾಲಿಯೊಳಗ ಹೊಸ ಹುಡುಗ ದುಂಡಪ್ಪ ಹೊಕ್ಕ.

ಗೋಲ್ ಆತು ಅಂದ್ರ ನಿಮಗ ಚಂದ ಅನಸೂದು.
ಕಂಬಕ್ಕ ಬಡದು ಹೊರಗ ಹೋತು.
ಹದಿನಾಕು ಪಾಸು. ಎಣಿಸೀನಿ.
ಮೈದಾನ ಒಂದು ಗಳಿಗಿ ಸುಮ್ಮನಿತ್ತು.
ನಾ ರೆಬೆಲೊನ ಕಡೆ ನೋಡಿದೆ:
ಕೈ ಬಲಗಿಸೆದಾಗ ಇತ್ತು.
ಹೊರಗ ಬರಲಿಲ್ಲ.

ಎಲ್ಲಾರೂ ಹೋದ ಮ್ಯಾಲೆ, ಸುಳ್ಳ ಯಾಕ ಹೇಳ್ಲಿ,
ಒಂದು ಬಾಲ್ ಇಟ್ಟು ಹಳೇ ನಮೂನಿ ಒದ್ದೆ.
ಕತ್ತಲಾಗ ಏರಿದ್ದು ಕಾಣಲಿಲ್ಲ,
ಬಿದ್ದ ಸಪ್ಪಳ ಅಷ್ಟ ಕೇಳ್ತು.
ತರಾಕ ನಾನ ಹೋಗಬೇಕಾತು, ರಾಡಿ ತುಳಕೊಂತ.
ಯಪ್ಪಾ,
ಎಷ್ಟು ದೂರ ಐತಿ ಅದು.