ಐದನೆಯ ಕೈ

ವಾಸ್ಕೋದ ಮಾಂಗೋರ್ ಹಿಲ್ ಇಳಿಜಾರಿನಲ್ಲಿ
ನನ್ನ ಪಂಕ್ಚರ್ ಅಂಗಡಿ.
ಹನ್ನೊಂದು ವರ್ಷ ಕ್ಲಬ್ಬಿನ ಚೆಂಡುಗಳ ಹೊಲಿಗೆ ಬಿಚ್ಚಿ
ಒಳಗೆ ತೇಪೆ ಹಚ್ಚಿದ್ದೇನೆ.
ಬಿಲ್ಲು ತೀರಿಸಲಾಗದೆ ಕುರ್ಚಿ ಕೊಟ್ಟರು,
ಕಮಿಟಿಯಲ್ಲಿ, ಕಿಟಕಿಯ ಪಕ್ಕ. ಅದರ ಒಂದು ಕಾಲು ಗಿಡ್ಡ.

ಮಂಗಳವಾರ ರಾತ್ರಿ ಆ ಕುರ್ಚಿಗೆ ಮೊದಲ ಸಲ ಕೆಲಸ ಬಿತ್ತು.

ಹದಿನೇಳು ಪಂದ್ಯ, ಹನ್ನೊಂದು ಅಂಕ,
ಪಟ್ಟಿಯ ತಳದಲ್ಲಿ ನಮ್ಮ ಹೆಸರು.
ಉಳಿದದ್ದು ಮೂರು ಆಟ. ಆಮೇಲೆ ಕೆಳಗಿನ ದರ್ಜೆ,
ಹುಲ್ಲಿಲ್ಲದ ಮೈದಾನ, ಪೇಪರಿನಲ್ಲಿ ಅರ್ಧ ಸಾಲು.
ಕೋಚ್ ತಿಬುರ್ಸಿಯೊ ಇರಬೇಕೋ, ಹೋಗಬೇಕೋ.
ಇರಲಿ ಎಂದು ಎರಡು ಕೈ,
ಹೋಗಲಿ ಎಂದು ಎರಡು.
ಎಲ್ಲರೂ ನನ್ನತ್ತ ತಿರುಗಿದರು,
ಕಂಡಕ್ಟರ್ ಚಿಲ್ಲರೆ ಕೇಳಿದ ಹಾಗೆ.

ಬಾರ್ಜು ಓಡಿಸುವ ಪ್ರಭುದೇಸಾಯಿ ಸಾಹೇಬರು ಹೇಳಿದರು:
"ಟೀಮಿನ ಗಾಳಿ ಹೋಗಿದೆ, ವಾಲ್ವ್ ಬದಲಿಸೋಣ."
ನನಗೆ ತಿಳಿಯಲೆಂದು ನನ್ನ ಕಸುಬಿನ ಮಾತಲ್ಲೇ.

ಸಾಹೇಬರೇ, ಅಂಗಡಿಗೆ ಬಂದವರೆಲ್ಲ ಹೇಳುವುದು ಅದನ್ನೇ.
ಹೊರಗೆ ತಲೆ ಹಾಕಿಕೊಂಡು ನಿಂತಿರುವುದು ಅದೊಂದೇ, ಪಾಪ.
ಉಗುಳು ಹಚ್ಚಿ ನೋಡುತ್ತಾರೆ,
ಗುಳ್ಳೆ ಬರದಿದ್ದರೂ ಬೈಯುತ್ತಾರೆ.
ಮೊಳೆ ಇರುವುದು ಬೇರೆಲ್ಲೋ:
ಎರಡು ತಿಂಗಳಿಂದ ಪಗಾರ ಕಾಣದ ಕಾಲುಗಳಲ್ಲಿ,
ಬಂದರಿನ ರಾತ್ರಿಪಾಳಿ ಮುಗಿಸಿ ಬಂದು
ಗೋಲುಕಂಬಕ್ಕೆ ಒರಗಿ ತೂಕಡಿಸುವ ಕೀಪರನಲ್ಲಿ,
ಹತ್ತನೇ ನಂಬರು ಹಾಕಿಕೊಂಡ
ನಿಮ್ಮ ಭಾವಮೈದುನನ ಮಗನಲ್ಲಿ.

ಇದನ್ನು ಹೇಳಲಿಲ್ಲ.
ನನ್ನ ಕೊಂಕಣಿ ವ್ಯಾಪಾರಕ್ಕೆ ಸಾಕು, ವಾದಕ್ಕೆ ಸಾಲದು.

ಸುಳ್ಳೇಕೆ ಹೇಳಲಿ,
ಮಾಪುಸಾದಲ್ಲಿ ಎರಡು ಗೋಲು ಮುಂದಿದ್ದೆವು.
ಎಪ್ಪತ್ತನೇ ನಿಮಿಷಕ್ಕೆ, ಓಡುವ ಹುಡುಗನನ್ನೇ ಹೊರಗೆ ಕರೆದು
ಐವರನ್ನು ಗೋಡೆಯಂತೆ ಹಿಂದೆ ನಿಲ್ಲಿಸಿದವನು
ಇದೇ ತಿಬುರ್ಸಿಯೊ.
ಕಾರ್ನರ್ ಕಿಕ್ಕಿಗೆ ಆ ಗೋಡೆ ಎರಡು ಸಲ ಬಿತ್ತು.
ಅವನ ಅಜ್ಜಿಯವರೆಗೂ ಬೈದೆ ಅವತ್ತು,
ಕನ್ನಡದಲ್ಲಿ, ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ.
ಪಕ್ಕದಲ್ಲಿದ್ದ ಲಾರಿ ಡ್ರೈವರ್ ಇಳಕಲ್ಲಿನವನು. ನಕ್ಕ.

ಕೈ ಎತ್ತಬೇಕು.
ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಸೊಲ್ಯೂಷನ್,
ಟ್ಯೂಬ್‌ಲೈಟಿನ ಕೆಳಗೆ ಇನ್ನೂ ಕಪ್ಪು.
ಇರಲಿ, ಅಂದೆ.
ನ್ಯಾಯ ಅದರಲ್ಲಿ ಅರ್ಧವೇ.
ಇನ್ನರ್ಧ, ನಾನು ಅವರ ಕಡೆಯೇ ಎಂದು
ಕೇಳುವ ಮೊದಲೇ ಪ್ರಭುದೇಸಾಯಿ ಲೆಕ್ಕ ಹಿಡಿದಿದ್ದಕ್ಕೆ.

ಭಾನುವಾರ ಸೋತೆವು. ಒಂದು–ಸೊನ್ನೆ. ಮತ್ತೆ ಕಾರ್ನರ್.
"ಈ ಮನುಷ್ಯನನ್ನು ಇಟ್ಟುಕೊಂಡವನು ಯಾವನು?"
ಬೆನ್ನ ಹಿಂದೆ ಯಾರೋ ಕೂಗಿದರು.
ನಾನು ಶೇಂಗಾ ಸುಲಿಯುತ್ತ ಕೂತೆ,
ತಿನ್ನಲಿಲ್ಲ, ಬರೀ ಸುಲಿದೆ.

ಸೋಮವಾರ ಬೆಳಗ್ಗೆ ಸ್ಕೂಟರು ನಿಂತಿತು,
ಬಲೆಯಲ್ಲಿ ಆರು ಚೆಂಡು.
ತಿಬುರ್ಸಿಯೊನ ಕಣ್ಣು ಕೆಂಪು. ಶರ್ಟು ಮಾತ್ರ ಇಸ್ತ್ರಿ.
ಐದನೆಯ ಕೈ ಯಾರದೆಂದು ಅವನಿಗೆ ಗೊತ್ತೋ, ಇಲ್ಲವೋ.
"ಗುರ್ಸಿದ್, ಇದೊಂದರಲ್ಲಿ ಗಾಳಿ ನಿಲ್ಲುತ್ತಿಲ್ಲ.
ವಾಲ್ವ್ ಇರಬೇಕು, ನೋಡು."

ಅವನೂ!

ಬೋಗುಣಿಯ ನೀರಿಗೆ ಚೆಂಡನ್ನು ಅದುಮಿ ಹಿಡಿದೆ.
ಇಬ್ಬರೂ ಬಗ್ಗಿದೆವು.
ಗುಳ್ಳೆ ಇಲ್ಲ.
ತಿರುಗಿಸಿದೆ. ಇಲ್ಲ.
ತಲೆಯ ಮೇಲಿಂದ ದಾಬೋಲಿಗೆ ವಿಮಾನ ಇಳಿಯಿತು,
ನೀರು ಸಣ್ಣಗೆ ನಡುಗಿ ಸುಮ್ಮನಾಯಿತು.
ಹೊತ್ತು ಹಿಡಿಯುತ್ತದೆ, ಅಂದೆ.

ಅವನು ಗಡಿಯಾರ ನೋಡಿಕೊಂಡ.