ಎಂಟು ಸಾಲು, ಎಂಟು ಮನೆ

ಸ್ಲೇಟರ್ ರೋಡಿನ ನಮ್ಮ ಕಟ್ಟಡದಲ್ಲಿ ಆ ವರ್ಷ
ಎರಡೇ ಜಾತಿ.
ಎರಡನೇ ಮಾಳಿಗೆಯ ಸುಧೀರ ಉಚ್ಚಿಲನ ಸ್ಪೆಕ್ಟ್ರಮ್ಮಿನವರು,
ನಾಲ್ಕನೆಯ ಕೆರ್ಸಿ ಭರೂಚಾನ ಕಮೊಡೋರಿನವರು.
ನಡುವೆ ಮೂರನೆಯದರಲ್ಲಿ ನಾವು,
ಕಂಪ್ಯೂಟರೂ ಇಲ್ಲ, ಟೀವಿಯೂ ಇಲ್ಲ.
ಅಪ್ಪ ಹೋಟೆಲಿನ ಗಲ್ಲೆಯಲ್ಲಿ ಕೂತು ಬಂದರೆ
ಮನೆಯೆಲ್ಲ ಚಿಲ್ಲರೆ ಕಾಸಿನ ವಾಸನೆ.

ಸುಧೀರನದು ಮಸ್ಕತ್ತಿನ ಮಾವ ತಂದದ್ದು.
ಪಾಟಿಯಷ್ಟಗಲ, ಕೀಗಳೆಲ್ಲ ರಬ್ಬರು.
'ಬರೆಯಲಿಕ್ಕೋ, ಅಳಿಸಲಿಕ್ಕೋ?'
ಮೆಟ್ಟಿಲಲ್ಲಿ ಎದುರಾದರೆ ಕೆರ್ಸಿ ಕೇಳುವನು.

ಕೆರ್ಸಿಯದು ಹಡಗಿನ ಇಂಜಿನಿಯರ್ ಅಪ್ಪ
ರಾಟರ್‌ಡ್ಯಾಮಿನಿಂದ ಹೊತ್ತದ್ದು. ದಿಂಬಿನ ಹಾಗೆ ಉಬ್ಬಿದ್ದು.
ಹೆಸರು ಅರವತ್ತನಾಲ್ಕು. ಸ್ವಿಚ್ಚು ಹಾಕಿದೊಡನೆ
ಉಳಿದಿರುವುದು ಮೂವತ್ತೆಂಟು ಸಾವಿರ ಚಿಲ್ಲರೆ
ಎಂದು ತಾನೇ ತಪ್ಪೊಪ್ಪಿಕೊಳ್ಳುವುದು.
'ನಮ್ಮ ಹಾಲಿನ ಭಯ್ಯಾನ ಅಳತೆ' ಎಂದು ಸುಧೀರ
ಬಾವಿಯಂಥ ಚೌಕದಲ್ಲಿ ನಿಂತು ಮೇಲಕ್ಕೆ ಕೂಗುವನು.

ನಾನು ಇಬ್ಬರಿಗೂ ಬೇಕಾದವಳು.
ಗ್ರಾಂಟ್ ರೋಡ್ ಸ್ಟೇಷನ್ನಿನ ಪಕ್ಕದ ಟೈಪಿಂಗ್ ಕ್ಲಾಸಿನಲ್ಲಿ
ನಿಮಿಷಕ್ಕೆ ನಲವತ್ತೈದು ಶಬ್ದ ಕುಟ್ಟುತ್ತಿದ್ದೆ.
ಪತ್ರಿಕೆಯಲ್ಲಿ ಅಚ್ಚಾದ ಉದ್ದುದ್ದ ಪ್ರೋಗ್ರಾಮು
ತಪ್ಪಿಲ್ಲದೆ ಹೊಡೆದುಕೊಟ್ಟರೆ
ಕೆಳಗೆ ಒಂದು ವಡಾಪಾವ್,
ಮೇಲೆ ಒಂದು ರಾಸ್ಬೆರಿ ಸೋಡಾ.
ಕೆಳಗೆ ಮೇಲಿನವರನ್ನು ಬೈಯಬೇಕು, ಮೇಲೆ ಕೆಳಗಿನವರನ್ನು.
ಬೈದೆ. ಸೋಡಾ ಚೆನ್ನಾಗಿತ್ತು.

ಒಳಗಿನ ಮಾತು ಬೇರೆ.
ಸ್ಪೆಕ್ಟ್ರಮ್ಮಿನಲ್ಲಿ ಜೆ ಒತ್ತಿದರೆ ಲೋಡ್ ಎಂಬ ಇಡೀ ಶಬ್ದ,
ಪಿ ಒತ್ತಿದರೆ ಪ್ರಿಂಟ್.
ಒಂದು ಬೆರಳಿನ ಕೆಲಸ, ಉಳಿದ ಒಂಬತ್ತಕ್ಕೆ ರಜೆ.
ಅವಮಾನವಾಗುತ್ತಿತ್ತು.
ಕಮೊಡೋರು ಅಕ್ಷರ ಅಕ್ಷರಕ್ಕೂ ನನ್ನನ್ನು ಕೇಳುತ್ತಿತ್ತು.
ಇದನ್ನು ಯಾರಿಗೂ ಹೇಳಲಿಲ್ಲ,
ಹೇಳಿದ್ದರೆ ವಡಾಪಾವ್ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಸುಧೀರನ ಪುಸ್ತಕದಲ್ಲಿ ಕಂಡೆ:
ಎಂಟು ಸಾಲು, ಎಂಟು ಮನೆ,
ತುಂಬಿದ ಮನೆ ಒಂದು, ಖಾಲಿ ಮನೆ ಸೊನ್ನೆ.
ಹೀಗೆ ನಿನ್ನದೇ ಅಕ್ಷರ ಮಾಡಿಕೊಳ್ಳಬಹುದಂತೆ.
ಭೂಮಿತಿಯ ಗ್ರಾಫ್ ಹಾಳೆ ತೆಗೆದು ಕೂತೆ.
ಅ ಮಾಡಹೋದರೆ ಕಂಬಳಿಹುಳ ಬಂತು.
ಕ ಹೊರಳಲೇ ಇಲ್ಲ.
ಕೊನೆಗೆ ಠ. ಒಂದು ದುಂಡು, ನಡುವೆ ಚುಕ್ಕೆ.
ತಲೆಕಟ್ಟಿಗೆ ಜಾಗ ಸಾಲಲಿಲ್ಲ, ಬಿಟ್ಟೆ.
ಅರವತ್ತು, ಅರವತ್ತಾರು,
ನೂರ ಇಪ್ಪತ್ತೊಂಬತ್ತು, ನೂರ ಐವತ್ಮೂರು,
ಮತ್ತೆ ನೂರ ಐವತ್ಮೂರು, ಅಲ್ಲಿಂದ ಬಂದ ದಾರಿಯಲ್ಲೇ ಅರವತ್ತಕ್ಕೆ.
ಮೇಲಿನಿಂದ ಓದಿದರೂ ಅದೇ,
ಕೆಳಗಿನಿಂದ ಓದಿದರೂ ಅದೇ.

ಎರಡನೇ ಮಾಳಿಗೆಯಲ್ಲಿ ಹೊಡೆದೆ, ಮೂಡಿತು.
ಅದೇ ಚೀಟಿ ಹಿಡಿದು ನಾಲ್ಕಕ್ಕೆ ಹತ್ತಿದೆ.
ಅಲ್ಲಿಯೂ ಮೂಡಿತು.
ಆ ಎಂಟು ಅಂಕಿಗಳಿಗೆ
ಯಾರ ಮನೆಗೆ ಬಂದಿದ್ದೇವೆಂದೇ ಗೊತ್ತಿರಲಿಲ್ಲ.

ಸಂಜೆಗೆ ಗುಟ್ಟು ಒಡೆಯಿತು.
ನನ್ನದನ್ನು ಕದ್ದ, ಇಲ್ಲ ಇವನೇ ಕದ್ದ,
ನನ್ನದು ದುಂಡಗಿದೆ, ನಿನ್ನದು ಮೊಟ್ಟೆ,
ನಿನ್ನ ಟೀವಿಗೆ ಬಣ್ಣವೇ ಇಲ್ಲ.
ಕೆರ್ಸಿಗೆ ಅದು ಕಣ್ಣಾಗಿ ಕಂಡಿತ್ತು.
ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು ಆದ ಸುಧೀರ
'ಉದ್ದಿನ ವಡೆ' ಎಂದಿದ್ದ.
ಏನೆಂದು ಓದಲು ಬಾರದ ಇಬ್ಬರು
ಅದಕ್ಕಾಗಿ ಕಾಲರು ಹಿಡಿದರು.
ಠ ಹಾಕಿ ನನಗೆ ನೆನಪಾದ ಶಬ್ದ ಒಂದೇ, ಹಠ.
ಹ ಇನ್ನೂ ಮಾಡಿರಲಿಲ್ಲ.

ಗಲಾಟೆಗೆ ಅಮ್ಮ ಇಳಿದು ಬಂದಳು,
ಕೈಯಲ್ಲಿ ಅಕ್ಕಿ ತೊಳೆದ ನೀರು ಇನ್ನೂ ಆರಿರಲಿಲ್ಲ.
ಸುಧೀರನ ಕಪ್ಪುಬಿಳುಪು ಟೀವಿಯ ಮುಂದೆ ಬಗ್ಗಿ
ಕಣ್ಣು ಕಿರಿದು ಮಾಡಿ ನೋಡಿದಳು.
ಅವಳು ಓದಿದ್ದು ಮೂರನೇ ಕ್ಲಾಸು.
'ಠ' ಎಂದಳು, ಗಟ್ಟಿಯಾಗಿ, ಮಗ್ಗಿ ಒಪ್ಪಿಸುವಂತೆ.
ಆಮೇಲೆ ನನ್ನ ಕಡೆ ತಿರುಗಿ,
'ಟ ಎಲ್ಲೇ?'