ಕಾವಲಿನವನ ಕವಳ

ಬೇಲೇಕೇರಿ ಆಸ್ಪತ್ರೆಗೆ ಅದು ಬಂದದ್ದು ಬೆಂಕಿಪೆಟ್ಟಿಗೆಯಲ್ಲಿ,
ಬಾಳೆಲೆಯ ಚೂರು ಸುತ್ತಿಕೊಂಡು, ಮೂಗುತಿಯಷ್ಟು ಜೋಪಾನ.
"ಎರಡು ದಿವಸದ್ದೂ ಒಟ್ಟಿಗೇ ಅದೆ, ಪಿಯೇದಾದ್ ಬಾಯಿ"
ಎಂದಳು ತುಳಸು ಖಾರ್ವಿ. ಹಿಂದೆ ನಿಂತಿದ್ದ
ಮೊಮ್ಮಗ ಗೋಯ್ದು, ಬರಿಗಾಲು,
ಮೊಣಕಾಲ ತನಕ ಗಾಳಿಮರದ ಮರಳು.

ಮಸೂರದಡಿ ಕೊಕ್ಕೆಹುಳದ ಮೊಟ್ಟೆ:
ತೆಳು ಗಾಜಿನ ಗೋಡೆ, ಒಳಗೆ ನಾಲ್ಕು ಕೋಣೆ.
ಎಣಿಸಿದೆ, ಬರೆದೆ, ಕೈ ತೊಳೆದು ಚಾ ಕುಡಿದೆ.
ಇಪ್ಪತ್ತು ವರ್ಷದ ಅಭ್ಯಾಸ.

ಅದೇ ವಾರ ಅವನ ಮುಂಗೈಗೆ ಸೂಜಿ.
ಮನೆಯಲ್ಲಿ ಅಜ್ಜ ರಕ್ತ ಕೆಮ್ಮುತ್ತಿದ್ದ;
ಮಗುವಿಗೂ ದಾಟಿದೆಯೋ ನೋಡಬೇಕಿತ್ತು.
ಮೂರನೆಯ ದಿನ ಸ್ಕೇಲು ಹಿಡಿದೆ.
ಬಾವಿಲ್ಲ. ಕೆಂಪಿಲ್ಲ. ಸೊಳ್ಳೆ ಕಚ್ಚಿದಷ್ಟೂ ಇಲ್ಲ.
ಸೊನ್ನೆ ಎಂದು ಬರೆದೆ, ದುಂಡಗೆ.
ತುಳಸು ನಾಲ್ಕು ಬಂಗುಡೆ ಕೊಟ್ಟು ಹೋದಳು.

ಆ ಸೊನ್ನೆಯೊಳಗೆ ಯಾರು ಕೂತಿದ್ದರೆಂದು
ಈಗ ಹೊಳೆಯುತ್ತದೆ, ತಡವಾಗಿ.
ಅಂಗಾಲಿನಿಂದ ಹೊಕ್ಕು, ನೆತ್ತರಲ್ಲಿ ತೇಲಿ,
ಪುಪ್ಪುಸ ಹತ್ತಿ, ಗಂಟಲಿಗೆ ಬಂದು, ನುಂಗಿಸಿಕೊಂಡು
ಕರುಳಿಗಿಳಿದ ಒಕ್ಕಲು
ಮೊದಲು ಮಾಡಿದ ಕೆಲಸ
ಕಾವಲಿನವನನ್ನು ಕರೆದು ಕವಳ ಕೊಟ್ಟದ್ದು.
"ಬಾರಾ, ಕೂತ್ಕೋ. ಸುಣ್ಣ ಬೇಕಾ?
ನಾನೇನು ಮನೆ ಹೊತ್ತು ಹೋಗುವವನಾ?
ದಿನಕ್ಕಿಷ್ಟು ಹನಿ, ಸಾಕು."
ಒಕ್ಕಲೇ ಗೇಣಿ ವಸೂಲು ಮಾಡುವ ಮನೆ ಅದು.
ಕೋಲು ಗೋಡೆಗೆ ಒರಗಿತು.
ಬಾಯಿ ತುಂಬ ಕವಳವಿದ್ದವ ಕೂಗುವುದು ಹೇಗೆ?
ಹಿಂಬಾಗಿಲಿಂದ ಕೆಮ್ಮು ಒಳಗೆ ಬಂತು,
ಚಪ್ಪಲಿಯನ್ನೂ ಕಳಚದೆ.

ಇದನ್ನು ಬರೆಯಲು ನನ್ನ ರಜಿಸ್ಟರಿನಲ್ಲಿ ಕಾಲಂ ಇಲ್ಲ.
ಹುಳದ್ದೇ ಕೆಲಸವೆಂದು ಆಣೆ ಮಾಡಲಾರೆ:
ಹುಡುಗ ಬಡಕಲು; ಸೂಜಿಯ ಔಷಧಿ
ಕಾರವಾರದಿಂದ ಬಿಸಿಲ ಬಸ್ಸಿನಲ್ಲಿ ಬಂದಿತ್ತು.
ಆದರೆ ಶ್ರಾವಣಕ್ಕೆ ಅವನ ಕುತ್ತಿಗೆಯಲ್ಲಿ
ನೆಲ್ಲಿಕಾಯಿಯಷ್ಟು ಗಂಟು.

ಆರು ತಿಂಗಳ ಮಾತ್ರೆ. ಜೊತೆಗೊಂದು ಹುಳದ ಗುಳಿಗೆ;
ಸಿಹಿ ಅದೆ ಎಂದು ಚೀಪಿದ.
ಒಕ್ಕಲೆದ್ದಿತು. ಕೆನ್ನೆ ತುಂಬಿತು.

ಮರುವರ್ಷ ಮತ್ತೆ ಅವನೇ,
ತುಟಿ ಊದಿ, ಮೈಯೆಲ್ಲ ದದ್ದು,
ಎದೆಯೊಳಗೆ ಬೆಕ್ಕಿನ ಮರಿ ಅಳುವ ಸದ್ದು.
ತಿಂದದ್ದೇನು? ಶೆಟ್ಲಿ.
ಖಾರ್ವಿ ಮನೆಯ ಮಗುವಿಗೆ ಶೆಟ್ಲಿ!

ಹುಳದ ಮೈಯಲ್ಲೂ ಶೆಟ್ಲಿಯ ಮೈಯಲ್ಲೂ
ಒಂದು ಎಳೆ ಒಂದೇ ನೇಯ್ಗೆಯದಂತೆ, ಡಾಕ್ಟರು ಹೇಳಿದರು.
ಕವಳ ಉಗುಳಿ ಎದ್ದ ಕಾವಲಿನವ
ಹಳೆ ಗೆಳೆಯನ ಚಹರೆ ಕಂಡಲ್ಲೆಲ್ಲ
ಕೋಲು ಬೀಸುತ್ತಿದ್ದಾನೆ.

"ಹುಳ ಇದ್ದಾಗ ಎಲ್ಲ ತಿಂತಿದ್ದ"
ಎಂದಳು ತುಳಸು, ನನ್ನನ್ನು ನೋಡದೆ.
ಕಾಲಿಗೆ ಚಪ್ಪಲಿ ಹಾಕಿಸು ಎಂದೆ,
ಬೇರೆ ಮಾತು ಸಿಗದೆ.
ಅವನ ಗಾಜು ಈಗ ಖಾಲಿ. ಸೊಪ್ಪಿನ ನಾರು, ಒಂದು ಮರಳ ಕಣ.
ಬಹಳ ಹೊತ್ತು ನೋಡಿದೆ.

ಸಂಜೆ ಗಾಳಿಮರದಡಿ ನಡೆದು ಬರುವಾಗ
ಬೆರಳ ಸಂದಿಯಲ್ಲಿ ಏನೋ ತುರಿಕೆ.
ನಿಂತು ತುರಿಸಿಕೊಂಡೆ.
ನನ್ನ ಚಪ್ಪಲಿ ಕೈಯಲ್ಲಿತ್ತು.